ಸ್ಟೀಲ್ ಒಳಲೆ: 13 ತಿಂಗಳು ದಿನಾ ಬಳಸಿದ ಮೇಲೆ

ಮಗಳಿಗೆ ಈಗ ಒಂದು ವರ್ಷ ನಾಲ್ಕು ತಿಂಗಳು. ಹುಟ್ಟಿದ ಹನ್ನೆರಡನೇ ದಿನದಿಂದ ಹದಿಮೂರು ತಿಂಗಳು ಅವಳ ಹೊಟ್ಟೆಗೆ ಹೋದ ಹಾಲು ಹೆಚ್ಚುಕಡಿಮೆ ಎಲ್ಲಾ ಒಂದು ಸ್ಟೀಲ್ ಒಳಲೆಯಿಂದಲೇ ಹೋಗಿದ್ದು. ಹರಳೆಣ್ಣೆ, ಔಷಧಿ ಹಾಕೋಕೆ ಅಂತ ಎಲ್ಲರ ಮನೆಯಲ್ಲೂ ಒಂದು ಇರುತ್ತೆ. ಆದರೆ ಮಗುವಿನ ಪೂರ್ತಿ ಊಟ ಅದರಲ್ಲೇ ನಡೆಯುತ್ತೆ ಅಂತ ನನಗೆ ಮೊದಲು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಕಳೆದ ಆ ಹನ್ನೊಂದು ದಿನ ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವಳಿಗೆ ಅಂಗುಳ ಸೀಳಿತ್ತು. ತುಟಿ ಸರಿಯಾಗೇ ಇತ್ತು, ಹಾಗಾಗಿ ಹೆರಿಗೆ ಆದ ಆಸ್ಪತ್ರೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಎದೆಗೆ ಹಾಕಿಕೊಂಡರೆ ಒಂದು ನಿಮಿಷ ಚೀಪುತ್ತಿದ್ದಳು, ಬಿಟ್ಟು ಅಳುತ್ತಿದ್ದಳು, ಮೂಗಿನಿಂದ ಹಾಲು ಬರುತ್ತಿತ್ತು. "ಅಭ್ಯಾಸ ಆಗುತ್ತೆ, ನೀವು ಸರಿಯಾಗಿ ಹಿಡಿದುಕೊಳ್ಳಿ" ಅಂತ ಹೇಳಿ ಮನೆಗೆ ಕಳಿಸಿದರು. ಹುಟ್ಟಿದಾಗ 2.7 ಕೆ.ಜಿ ಇದ್ದವಳು ಹನ್ನೆರಡನೇ ದಿನ 2.4ಕ್ಕೆ ಇಳಿದಿದ್ದಳು. ಬೇರೆ ಕಡೆ ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಅವರು ನಾಲಿಗೆ ಒತ್ತಿ ಟಾರ್ಚ್ ಬಿಟ್ಟರು, ನನ್ನನ್ನೂ ಕರೆದು ತೋರಿಸಿದರು. ಹಿಂದೆ ಅಂಗುಳ ಎರಡು ಹೋಳಾಗಿತ್ತು.

ಹಾಲು ಚೀಪಬೇಕು ಅಂದರೆ ಬಾಯಿ ಮುಚ್ಚಿಕೊಂಡು ಒಳಕ್ಕೆ ಎಳೆಯಬೇಕಲ್ವಾ? ಅಂಗುಳದಲ್ಲಿ ಸಂದಿ ಇದ್ದರೆ ಆ ಎಳೆತವೇ ಹುಟ್ಟುವುದಿಲ್ಲ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿಯೋಕೆ ನೋಡಿದ ಹಾಗೆ. ನನ್ನ ಹಾಲು ಕಡಿಮೆ ಇರಲಿಲ್ಲ, ನಾನು ಹಿಡಿದುಕೊಂಡಿದ್ದರಲ್ಲಿ ತಪ್ಪೂ ಇರಲಿಲ್ಲ. ಸಾಧಾರಣ ಬಾಟಲಿಯಲ್ಲೂ ಇದೇ ಕಥೆ, ಅದನ್ನೂ ಚೀಪಲೇಬೇಕು. ಒಳಗೆ ವಾಲ್ವ್ ಇರುವ, ಮೆತ್ತಗೆ ಅದುಮಿ ಕುಡಿಸುವ ವಿಶೇಷ ಬಾಟಲಿಗಳು ಇವೆ. ನಮಗೆ ಅವತ್ತೇ ಸಿಗುವಂಥದ್ದು ಬೇಕಿತ್ತು. ಡಾಕ್ಟರ್ ಹೇಳಿದ್ದು ಒಳಲೆ. ಯಜಮಾನರು ಅಲ್ಲೇ ಪೇಟೆಯ ಪಾತ್ರೆ ಅಂಗಡಿಯಿಂದ ತಂದರು.

ಈಗ ವಸ್ತುವಿನ ವಿಷಯ. ನಾವು ಒಟ್ಟು ಮೂರು ಬಳಸಿದ್ದೇವೆ. ತವರಿನಿಂದ ನಾಮಕರಣಕ್ಕೆ ಬೆಳ್ಳಿಯದು ಬಂತು, ನೋಡೋಕೆ ಚೆಂದ. ಆದರೆ ಅಂಚಿನ ಬಳ್ಳಿ ಕೆತ್ತನೆಯ ಒಳಗೆ ಹಾಲಿನ ಜಿಡ್ಡು ಕೂರುತ್ತೆ, ಎಷ್ಟು ತಿಕ್ಕಿದರೂ ಒಂದು ಬಿಳಿ ಗೆರೆ ಉಳಿಯುತ್ತಿತ್ತು. ದಿನಕ್ಕೆ ಎಂಟು ಸಲ ಹಾಲು ಕುಡಿಸೋಕೆ ಅದು ಬೇಡ. ಮೊದಲು ತಂದ ಸ್ಟೀಲ್ ಒಳಲೆಯ ಮೂತಿ ಒರಟಾಗಿತ್ತು. ಮಗುವಿನ ತುಟಿಯ ಮೂಲೆ ಕೆಂಪಗಾಗಿದ್ದನ್ನು ನೋಡಿ ಬೆರಳಾಡಿಸಿದಾಗಲೇ ಗೊತ್ತಾಗಿದ್ದು. ಎರಡನೇ ಸ್ಟೀಲ್ ಒಳಲೆ ಯಾವ ಕೆತ್ತನೆಯೂ ಇಲ್ಲದ್ದು, ಅಂಚು ಹೊರಗೆ ಮಡಚಿ ನುಣ್ಣಗೆ ಮಾಡಿದ್ದು. ಇಷ್ಟು ದಿನವೂ ಅದೇ. ಕುದಿಸಿ ಕುದಿಸಿ ಬಣ್ಣ ಸ್ವಲ್ಪ ಮಂಕಾಗಿದೆ ಅಷ್ಟೇ, ಬೇರೆ ಏನೂ ಆಗಿಲ್ಲ. ಅದರಲ್ಲಿ ಅಳತೆ ಗೆರೆ ಇಲ್ಲ, ಅದೊಂದು ಕೊರತೆ. ನಾನು ಔಷಧಿ ಸಿರಿಂಜಿನಲ್ಲಿ ನೀರು ಹಾಕಿ ಅಳೆದುಕೊಂಡೆ, ಕಂಠದವರೆಗೆ 15 ಮಿ.ಲೀ.

ಈ ಅಳತೆ ಯಾಕೆ ಮುಖ್ಯ ಅಂದರೆ, ಮೊದಲ ವಾರ ಕಳೆದ ಮೇಲೆ ಮಗುವಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು 150 ಮಿ.ಲೀ ಹಾಲು ಬೇಕು. 2.8 ಕೆ.ಜಿ ಇದ್ದಾಗ 420. ಎಂಟು ಸಲಕ್ಕೆ ಹಂಚಿದರೆ ಒಂದು ಸಲಕ್ಕೆ ಮೂರೂವರೆ ಒಳಲೆ. ಚೆಲ್ಲಿದ್ದನ್ನು ಲೆಕ್ಕದಿಂದ ಕಳೆಯಬೇಕು. ಕತ್ತಿನ ಕೆಳಗೆ ಇಟ್ಟ ಬಟ್ಟೆ ಪೂರ್ತಿ ಒದ್ದೆಯಾಗಿದ್ದರೆ ನಾನು ಇನ್ನೊಂದು ಒಳಲೆ ಜಾಸ್ತಿ ಕೊಡುತ್ತಿದ್ದೆ. ಒಂದು ತಿಂಗಳು ತುಂಬುವಾಗ ತೂಕ 2.85ಕ್ಕೆ ಬಂತು. ಆಮೇಲೆ ದಿನಕ್ಕೆ 25-30 ಗ್ರಾಂ ಏರುತ್ತಾ ಹೋಯಿತು, ಅಂಗನವಾಡಿಯ ತಕ್ಕಡಿ ನೋಡೋಕೆ ಹೋಗುವುದೇ ನನಗೆ ಹಬ್ಬ.

ಕುಡಿಸುವ ರೀತಿಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ನಮ್ಮಲ್ಲಿ ಹಿರಿಯರು ಕಾಲು ಚಾಚಿ, ಅದರ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಅತ್ತಾಗ ತೆರೆದ ಬಾಯಿಗೆ ಒಳಲೆ ಬಗ್ಗಿಸುತ್ತಾರೆ. ಅತ್ತೆಯೂ ಹಾಗೇ ಮಾಡೋಕೆ ಹೋದರು, ಪ್ರೀತಿಯಿಂದಲೇ. ಮಗು ಕೆಮ್ಮಿ ಮುಖ ನೀಲಿಯಾಯಿತು. ಹಾಗೆ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತೆ, ಅಂಗುಳ ಸೀಳಿದ ಮಗು ಅಂತಲ್ಲ, ಯಾವ ಮಗುವಿಗಾದರೂ ಅಪಾಯವೇ. ನರ್ಸ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿಕೊಟ್ಟರು. ಮಗುವನ್ನು ಹೆಚ್ಚುಕಡಿಮೆ ಕೂತ ಹಾಗೆ ಎತ್ತಿ ಹಿಡಿಯಬೇಕು, ಕತ್ತಿಗೆ ನಮ್ಮ ಅಂಗೈ ಆಸರೆ. ಒಳಲೆಯ ಮೂತಿಯನ್ನು ಕೆಳತುಟಿಯ ಮೇಲೆ ಸುಮ್ನೆ ಇಡಬೇಕು, ಹಾಲು ತುಟಿಗೆ ತಾಗುವಷ್ಟು ಮಾತ್ರ ಬಗ್ಗಿಸಬೇಕು. ಆಗ ಪುಟ್ಟ ನಾಲಿಗೆ ಮುಂದೆ ಬಂದು ಹಾಲನ್ನು ಒಳಗೆ ತೆಗೆದುಕೊಳ್ಳುತ್ತೆ. ನುಂಗಿದ ಸದ್ದು ಕೇಳಿದ ಮೇಲೆ ಇನ್ನಷ್ಟು. ಕುಡಿಯುವುದು ಮಗು, ನಾವು ಸುರಿಯುವುದಲ್ಲ. ಮಧ್ಯೆ ಎರಡು ಮೂರು ಸಲ ತೇಗು ತೆಗೆಸಬೇಕು, ಇಂಥ ಮಕ್ಕಳು ಗಾಳಿ ಜಾಸ್ತಿ ನುಂಗುತ್ತವೆ. ಮೊದಮೊದಲು ಒಂದು ಸಲಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅರ್ಧ ಗಂಟೆಗೆ ನಿಲ್ಲಿಸಿ, ಕುಡಿದು ಕುಡಿದು ಮಗು ಸುಸ್ತಾದರೆ ತೂಕ ಏರುವುದಿಲ್ಲ ಅಂತ ಡಾಕ್ಟರ್ ಹೇಳಿದರು. ಎರಡು ತಿಂಗಳಿಗೆ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಕಲಿತ ಮೇಲೆ ಅತ್ತೆ ನನಗಿಂತ ನಿಧಾನವಾಗಿ, ಚೆನ್ನಾಗಿ ಕುಡಿಸಿದರು. ರಾತ್ರಿ ಎರಡು ಗಂಟೆಯ ಸರದಿ ಅವರದೇ ಆಗಿತ್ತು.

ಮೂರು ತಿಂಗಳವರೆಗೆ ಪಂಪ್ ಮಾಡಿದ ನನ್ನ ಹಾಲೇ ಕೊಟ್ಟೆ. ಆಮೇಲೆ ಹಾಲು ಕಡಿಮೆಯಾಯಿತು, ಡಾಕ್ಟರ್ ಬರೆದುಕೊಟ್ಟ ಪುಡಿ ಹಾಲು ಶುರು ಮಾಡಿದೆವು. ಈ ಡಬ್ಬಿಗೆ ಜಾಹೀರಾತು, ಆಫರ್ ಯಾವುದೂ ಇರುವುದಿಲ್ಲ. 1992ರ ಕಾಯ್ದೆ ಅದನ್ನು ತಡೆದಿದೆ. ಒಳ್ಳೆಯ ಕಾಯ್ದೆ. ಆದರೆ ನಿಜವಾಗಿ ಬೇಕಾದವರಿಗೆ ಕಲಸುವುದು ಹೇಗೆ ಅಂತ ಕೂಡ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪುಡಿಯಲ್ಲೇ ಕ್ರಿಮಿ ಇರಬಹುದು, ಹಾಗಾಗಿ ಕುದಿಸಿದ ನೀರು ಇನ್ನೂ 70 ಡಿಗ್ರಿಗಿಂತ ಬಿಸಿ ಇರುವಾಗಲೇ ಕಲಸಬೇಕು, ಆಮೇಲೆ ಬಟ್ಟಲನ್ನು ತಣ್ಣೀರಿನಲ್ಲಿಟ್ಟು ಆರಿಸಬೇಕು. ನೀರು ಮೊದಲು, ಪುಡಿ ಆಮೇಲೆ. ನಮ್ಮ ಡಬ್ಬಿಯಲ್ಲಿ 30 ಮಿ.ಲೀ ನೀರಿಗೆ ಒಂದು ಸಮ ಚಮಚ, ಅದೇ ಡಬ್ಬಿಯೊಳಗಿನ ಚಮಚ. ನಿಮ್ಮ ಡಬ್ಬಿ ಮೇಲೆ ಏನಿದೆ ನೋಡಿಕೊಳ್ಳಿ. ಗಟ್ಟಿ ಇರಲಿ ಅಂತ ಜಾಸ್ತಿ ಹಾಕಬೇಡಿ, ದುಡ್ಡು ಉಳಿಯಲಿ ಅಂತ ನೀರೂ ಮಾಡಬೇಡಿ. ಕಲಸಿದ್ದು ಎರಡು ಗಂಟೆಯೊಳಗೆ ಮುಗಿಯಬೇಕು, ಮಿಕ್ಕಿದ್ದು ಚೆಲ್ಲಬೇಕು. ಚೆಲ್ಲುವಾಗ ಹೊಟ್ಟೆ ಉರಿಯುತ್ತೆ, ಆದರೂ ಚೆಲ್ಲಿ.

ತೊಂದರೆಗಳೂ ಇವೆ. ಬಸ್ಸಿನಲ್ಲಿ ಒಳಲೆ ಆಗಲ್ಲ. ಬೆಂಗಳೂರಿಗೆ ಹೋಗುವಾಗ ಫ್ಲಾಸ್ಕಿನಲ್ಲಿ ಬಿಸಿನೀರು, ಡಬ್ಬಿಯಲ್ಲಿ ಅಳೆದ ಪುಡಿ ಇಟ್ಟುಕೊಂಡು ಮಧ್ಯದ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕುಡಿಸಿ ಮುಂದಿನ ಬಸ್ ಹತ್ತುತ್ತಿದ್ದೆವು. ಐದು ತಿಂಗಳ ನಂತರ ಮಗು ಒಳಲೆಯನ್ನೇ ಹಿಡಿದು ಎಳೆಯುತ್ತೆ, ಆಗ ಇನ್ನೊಬ್ಬರು ಬೇಕೇ ಬೇಕು. ಚೀಪುವ ಸಮಾಧಾನ ಮಗುವಿಗೆ ಸಿಗುವುದಿಲ್ಲ, ಅದಕ್ಕೆ ಕುಡಿಸಿದ ಮೇಲೆ ನಾನು ಎದೆಗೆ ಒರಗಿಸಿಕೊಂಡು ಕೂರುತ್ತಿದ್ದೆ. "ಎದೆಹಾಲು ಕೊಡ್ತಿಲ್ವಾ?" ಅಂತ ಮದುವೆ ಮನೆಯಲ್ಲಿ ಕೇಳಿದವರಿಗೆಲ್ಲ ಉತ್ತರ ಹೇಳಿ ಸಾಕಾಗಿತ್ತು. ದಯವಿಟ್ಟು ಯಾರನ್ನೂ ಹಾಗೆ ಕೇಳಬೇಡಿ.

ಹನ್ನೊಂದನೇ ತಿಂಗಳಲ್ಲಿ ಅಂಗುಳದ ಆಪರೇಷನ್ ಆಯಿತು. ಹೊಲಿಗೆ ಮಾಯುವವರೆಗೆ ಬಾಟಲಿ ಬೇಡ, ಚಮಚ ಬಾಯೊಳಗೆ ಹೋಗಬಾರದು ಅಂದರು. ಬಾಟಲಿ ಅಭ್ಯಾಸ ಇದ್ದ ಪಕ್ಕದ ಮಂಚದ ಮಗು ಎರಡು ದಿನ ಏನೂ ಮುಟ್ಟಲಿಲ್ಲ. ಇವಳು ಅವತ್ತು ಸಂಜೆಯೇ ಒಳಲೆ ಕಂಡು ತುಟಿ ಮುಂದೆ ಮಾಡಿದಳು. ಮೂರು ವಾರ ಹಾಲು, ಗಂಜಿಯ ತಿಳಿ, ತುಂಬಾ ತೆಳ್ಳಗೆ ಮಾಡಿದ ರಾಗಿ ಸರಿ ಎಲ್ಲಾ ಅದರಲ್ಲೇ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಅಳತೆ ಗೆರೆ ಇಲ್ಲದ್ದಕ್ಕೆ. ಮೆಡಿಕಲ್ ಅಂಗಡಿಯಲ್ಲಿ ಪಾಲಾಡೈ ಅಂತ ಕೇಳಿದರೂ ಸಿಗುತ್ತೆ. ತೆಗೆದುಕೊಳ್ಳುವ ಮೊದಲು ಮೂತಿಯ ಸುತ್ತ ಬೆರಳಾಡಿಸಿ, ಆಮೇಲೆ ನಿಮ್ಮ ಕೆಳತುಟಿಗೇ ಇಟ್ಟು ನೋಡಿ. ಎರಡು ತೆಗೆದುಕೊಳ್ಳಿ, ಒಂದು ಕುದಿಯುತ್ತಿರುವಾಗ ಮಗು ಅಳುತ್ತಾ ಕಾಯಬಾರದು.