ಕರಾವಳಿ ಮಳೆಯಲ್ಲಿ ಮೆಮೊರಿ ಸೀಟು: ಬಹುಕಾಲದ ಬಳಕೆಯ ನಂತರ

ಒಂದೇ ಕಾರನ್ನು ಮನೆಯಲ್ಲಿ ಇಬ್ಬರು ಓಡಿಸುವುದಾದರೆ ಮೆಮೊರಿ ಸೀಟು ಕೊಡುವ ಸುಖವೇ ಬೇರೆ. ಬೆಳಿಗ್ಗೆ ಬಾಗಿಲಿನಲ್ಲಿರುವ 1ನೇ ಬಟನ್ ಒತ್ತಿದರೆ, ಮೊದಲೇ ಉಳಿಸಿಟ್ಟ ಸ್ಥಾನಕ್ಕೆ ಸೀಟು ಹಿಂದೆ ಸರಿದು, ಬೆನ್ನೊರಗು ಬೇಕಾದಷ್ಟೇ ವಾಲಿ, ಕನ್ನಡಿಗಳು ಮೆಲ್ಲನೆ ತಿರುಗಿ ನಿಲ್ಲುತ್ತವೆ. ಸೊಂಟನೋವು ಇದ್ದವರಿಗೆ ದಿನವೂ ಅದೇ ಕೋನ ಸಿಗುವುದು ದೊಡ್ಡ ಉಪಕಾರ.

ಆದರೆ ಕುಂಬಳೆ, ಮಂಜೇಶ್ವರದ ಉಪ್ಪುಗಾಳಿಗೂ ಆಟಿಯ ಮಳೆಗೂ ಸಿಕ್ಕಿದ ಮೇಲೆ ಬಟನ್ ಕೆಲವೊಮ್ಮೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಇಲ್ಲ. ವರ್ಕ್‌ಶಾಪಿಗೆ ಒಯ್ದ ದಿನ ಎಲ್ಲ ಸರಿ. ಸ್ಕ್ಯಾನರಿನಲ್ಲಿ ದೋಷದ ಕೋಡ್ ಇಲ್ಲ, ಆದರೂ ಮಾಡ್ಯೂಲ್ (ಸೀಟು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಬದಲಿಸಿ ಎನ್ನುತ್ತಾರೆ. ಒಪ್ಪಬೇಡಿ. ಬಟನ್ನಿನ ವಯರು ಕಡಿದಿದ್ದರೆ, ಯಾರೋ ಒತ್ತಿದರೆಂಬುದೇ ಮಾಡ್ಯೂಲಿಗೆ ತಿಳಿಯದೆ ಇರಬಹುದು. ಕೋಡ್ ಎಲ್ಲಿಂದ ಬರಬೇಕು?

ಹಲವು ಕಾರುಗಳಲ್ಲಿ ಗೇರ್ ಪಿ (ಪಾರ್ಕ್) ಯಲ್ಲಿ ಇಲ್ಲದಿದ್ದರೆ ಮೆಮೊರಿ ನಡೆಯದು, ಮೊದಲು ಅದನ್ನು ನೋಡಿ. ಸಾಮಾನ್ಯ ಸ್ವಿಚ್ಚಿನಿಂದ ಸೀಟು ಚಲಿಸಿದರೆ ಮೋಟರು, ಅದರ ಫ್ಯೂಸು ಸರಿ ಇವೆ. ಉಳಿಸಿದ ಸ್ಥಾನವೇ ಮರೆತುಹೋಗುತ್ತಿದ್ದರೆ ಬ್ಯಾಟರಿಯಿಂದ ಸದಾ ಬರುವ ಲೈನು ನೋಡಿ. ಬಾಗಿಲಿನ ಯಾವುದೋ ಕೋನದಲ್ಲಿ ಮಾತ್ರ ಬಟನ್ ಸತ್ತರೆ, ಬಾಗಿಲಿಗೂ ಅದರ ಹಿಂಜಿನ ಕಂಬಕ್ಕೂ ನಡುವೆ ವಯರುಗಳನ್ನು ಮುಚ್ಚಿರುವ ರಬ್ಬರ್ ಬೂಟು ಬಿಡಿಸಿ. ಒಂದೊಂದೇ ವಯರನ್ನು ಮೆಲ್ಲಗೆ ಎಳೆಯಿರಿ: ಹೊರಕವಚ ಹಿಗ್ಗಿದರೆ ಒಳಗಿನ ತಾಮ್ರ ತುಂಡಾಗಿದೆ.

ಮಲ್ಟಿಮೀಟರಿನಲ್ಲಿ ಓಮ್ (ವಯರಿನ ತಡೆ) ನೋಡಿ ನಂಬಬೇಡಿ. ಒಂದೇ ಎಳೆ ಉಳಿದಿದ್ದರೂ ಮೀಟರು ಸೊನ್ನೆಯ ಹತ್ತಿರ ತೋರಿಸುತ್ತದೆ. ಬಟನ್ ಒತ್ತಿ ಹಿಡಿದು, ಮೀಟರನ್ನು ಮಿನ್-ಮ್ಯಾಕ್ಸಿಗೆ (ಕನಿಷ್ಠ-ಗರಿಷ್ಠ ಓದು ಹಿಡಿದಿಡುವ ಕ್ರಮಕ್ಕೆ) ಇಟ್ಟು, ಬಾಗಿಲು ನಿಧಾನವಾಗಿ ಆಡಿಸಿ. ಸಿಗ್ನಲಿನ ವೋಲ್ಟ್ ಕದಲಬಾರದು. ಸೀಟು ಚಲಿಸುತ್ತಿರುವಾಗ ಗ್ರೌಂಡಿನಲ್ಲಿ (ಕಾರಿನ ಬಾಡಿಗೆ ಸೇರುವ ವಯರಿನಲ್ಲಿ) 0.1 ವೋಲ್ಟಿಗಿಂತ ಹೆಚ್ಚು ನಷ್ಟವಾದರೆ ಆ ಜೋಡಣೆ ಬಿಚ್ಚಿ ತೊಳೆಯಿರಿ. ಕೆಲವು ಸ್ವಿಚ್ಚುಗಳಲ್ಲಿ ಎಲ್ಲ ಬಟನ್ನುಗಳಿಗೂ ಒಂದೇ ವಯರು, ಬೇರೆಬೇರೆ ರೆಸಿಸ್ಟರು; ತಡೆ ಎಷ್ಟೆಂದು ನೋಡಿಯೇ ಯಾವ ಬಟನ್ ಎಂದು ಮಾಡ್ಯೂಲ್ ತಿಳಿಯುತ್ತದೆ. ಅಲ್ಲಿ ಪಿನ್ನಿಗೆ ಹಸಿರು ಕಿಲುಬು ಹಿಡಿದರೆ 1 ಒತ್ತಿದಾಗ 2ರ ಸ್ಥಾನಕ್ಕೆ ಹೋಗುವುದೂ ಉಂಟು.

ಜೋಡಿಸುವಾಗ ಅಷ್ಟೇ ದಪ್ಪದ, ಸಣ್ಣ ಎಳೆಗಳು ಹೆಚ್ಚಿರುವ ಮೆದು ವಯರು ಬಳಸಿ. ಬೆಸುಗೆ ಬೂಟಿನ ಬಾಗುವ ಭಾಗದೊಳಗೆ ಬಂದರೆ ಅದರ ಪಕ್ಕದಲ್ಲೇ ಮತ್ತೆ ಕಡಿಯುತ್ತದೆ; ಜಾಯಿಂಟು ಹೊರಗಿರಲಿ, ಒಳಗೆ ಅಂಟು ಸವರಿದ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿ. ಬಾಗಿಲ ತಳದ ನೀರುತೂತುಗಳಲ್ಲಿ ಕೆಸರು ಕಟ್ಟಿದ್ದರೆ ಬಿಡಿಸಿ. ಸೀಟಿನಡಿಯ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಅದಕ್ಕೆ ಮೀಟರು ತಾಗಿಸಲೇಬಾರದು.

ವಯರಿನ ಖರ್ಚು ಮಾಡ್ಯೂಲಿನ ಮುಂದೆ ಏನೂ ಅಲ್ಲ. ಇಷ್ಟು ಮಾಡಿದ ಮೇಲೆ ಸೀಟಿನ ಮೇಲಿನ ಸಿಟ್ಟು ಇಳಿಯಿತು. ಮುಂದಿನ ಕಾರಿನಲ್ಲೂ ಇದು ಬೇಕೇ ಬೇಕು. ಹಳೆಯ ಕಾರು ಕೊಳ್ಳುವವರು ಮಾತ್ರ ಬಾಗಿಲು ಅರ್ಧ ತೆರೆದು, ಪೂರ್ತಿ ತೆರೆದು, ಎಲ್ಲ ಬಟನ್ನುಗಳನ್ನೂ ಒತ್ತಿ ನೋಡಿ ದರ ಮಾತಾಡಿ.