ಐದು ಆಂಟೆನಾ, ಒಂದು ಕ್ಷೀಣ ಸಿಗ್ನಲ್: ಯಾವ ಪರೀಕ್ಷೆಯನ್ನು ನಂಬಬಹುದು?

ಹಲವು ಆಂಟೆನಾ ಇರುವ ರಿಸೀವರ್ ಎಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: ಎಷ್ಟು ಕ್ಷೀಣವಾದ ಸಿಗ್ನಲ್ ಹಿಡಿಯುತ್ತದೆ? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಸಿಗ್ನಲ್ ಇಲ್ಲದಾಗ ಅದು ಸುಮ್ಮನಿರುತ್ತದಾ? ಒಂದೇ ರಿಸೀವರ್‌ನ ಅವೇ ರೆಕಾರ್ಡಿಂಗ್‌ಗಳ ಮೇಲೆ ಬೇರೆ ಬೇರೆ ವಿಧಾನಗಳನ್ನು ಓಡಿಸಿ ನೋಡಿದ್ದೇನೆ. ಎಲ್ಲಾ ಕಡೆ ಗೆಲುವು ಸೋಲು ತೀರ್ಮಾನವಾದದ್ದು ಈ ಎರಡನೇ ಪ್ರಶ್ನೆಯಲ್ಲೇ.

ಸಿಗ್ನಲ್ ಬರುವುದು ತೋಟದ ಪಂಪ್‌ಹೌಸ್‌ನಲ್ಲಿರುವ ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಕಳಿಸುವ ರೇಡಿಯೊ) ನೋಡ್‌ನಿಂದ. ಬಾವಿಯ ನೀರಿನ ಮಟ್ಟ ಕಳಿಸುವುದು ಅದರ ಕೆಲಸ. ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ 865–868 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ, 125 ಕಿಲೋಹರ್ಟ್ಸ್ ಅಗಲದಲ್ಲಿ ಕಳಿಸುತ್ತದೆ. ತಗಡಿನ ಚಾವಣಿ, ಸುತ್ತ ಅಡಿಕೆ ಮರ, ಮಧ್ಯೆ ಕೆರೆ ಏರಿ. ಮನೆಯ ತಾರಸಿ ತಲುಪುವಷ್ಟರಲ್ಲಿ ಸಿಗ್ನಲ್ ನಾಯ್ಸ್‌ಗಿಂತ (ಹಿನ್ನೆಲೆಯ ಗದ್ದಲಕ್ಕಿಂತ) ಕೆಳಗೆ ಇಳಿದಿರುತ್ತದೆ. ತಾರಸಿ ಮೇಲೆ ಐದು ಆಂಟೆನಾ, ಒಂದಕ್ಕೊಂದು ಸುಮಾರು 17 ಸೆಂಟಿಮೀಟರ್ ದೂರ, ಅಂದರೆ ಅರ್ಧ ತರಂಗಾಂತರ. ರಿಸೀವರ್ ಆರ್‌ಟಿಎಲ್-ಎಸ್‌ಡಿಆರ್ (ಸಾಫ್ಟ್‌ವೇರ್‌ನಿಂದ ನಡೆಸುವ ಅಗ್ಗದ ರೇಡಿಯೊ) ಮಾದರಿಯದ್ದು. 8 ಬಿಟ್‌ನ ಐದು ಚಾನೆಲ್, ಎಲ್ಲಕ್ಕೂ ಒಂದೇ ಕ್ಲಾಕ್. ಈ ಒಂದೇ ಕ್ಲಾಕ್ ಇಲ್ಲದಿದ್ದರೆ ಮುಂದೆ ಹೇಳುವ ಅರ್ಧ ವಿಧಾನಗಳು ಕೆಲಸವನ್ನೇ ಮಾಡುವುದಿಲ್ಲ. ಪ್ರತಿ ತೀರ್ಮಾನಕ್ಕೆ 80 ಮಿಲಿಸೆಕೆಂಡ್, ಅಂದರೆ ಒಂದೊಂದು ಚಾನೆಲ್‌ನಿಂದ 10,000 ಸ್ಯಾಂಪಲ್ ತೆಗೆದುಕೊಂಡೆ.

ಮೊದಲು ಎನರ್ಜಿ ಡಿಟೆಕ್ಟರ್. ಐದೂ ಚಾನೆಲ್‌ನ ಶಕ್ತಿ ಕೂಡಿಸು, ಮಿತಿ ದಾಟಿದರೆ ಸಿಗ್ನಲ್ ಇದೆ ಅನ್ನು. ಹ್ಯಾರಿ ಅರ್ಕೊವಿಟ್ಜ್ 1967ರಲ್ಲಿ ಇದರ ಲೆಕ್ಕವನ್ನು ಅಚ್ಚುಕಟ್ಟಾಗಿ ಬರೆದಿಟ್ಟರು. ಕೋಡ್ ಎರಡೇ ಸಾಲು. ಆದರೆ ಆ ಮಿತಿ ಇಡಲು ನಾಯ್ಸ್ ಎಷ್ಟು ಅಂತ ನಿಖರವಾಗಿ ಗೊತ್ತಿರಬೇಕು. ಬೆಳಿಗ್ಗೆ ಇಟ್ಟ ಮಿತಿ ಮಧ್ಯಾಹ್ನದ ಬಿಸಿಲಿಗೆ ಡಬ್ಬಿ ಕಾದ ಮೇಲೆ ಹೊಂದುವುದಿಲ್ಲ, ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಜಾರಿರುತ್ತದೆ. ರಾಹುಲ್ ತಂದ್ರ ಮತ್ತು ಅನಂತ್ ಸಹಾಯ್ 2008ರಲ್ಲಿ ತೋರಿಸಿದ್ದು ಇದನ್ನೇ. ನಾಯ್ಸ್ ಅಂದಾಜಿನಲ್ಲಿ ಬರೀ ಅರ್ಧ ಡೆಸಿಬೆಲ್ ಆಚೀಚೆ ಇದ್ದರೂ ಸುಮಾರು -6.4 ಡೆಸಿಬೆಲ್‌ಗಿಂತ (ಅಂದರೆ ನಾಯ್ಸ್‌ಗಿಂತ 6.4 ಡೆಸಿಬೆಲ್ ಕಡಿಮೆ) ಕೆಳಗಿನ ಸಿಗ್ನಲ್ ಅನ್ನು ಈ ವಿಧಾನ ನೆಚ್ಚಿಕೊಂಡು ಹಿಡಿಯಲಾರದು. ಎಷ್ಟು ಹೊತ್ತು ಕೇಳಿದರೂ ಅಷ್ಟೇ. ಅಲ್ಲೊಂದು ಗೋಡೆ ಇದೆ. ನನ್ನ ನೋಡ್ ಆ ಗೋಡೆಯಿಂದ ತುಂಬಾ ಕೆಳಗೆ. ಹಾಗಾಗಿ ಇದನ್ನು ಕೈಬಿಟ್ಟೆ.

ಮುಂದಿನದು ಐಗನ್ ವ್ಯಾಲ್ಯೂ ದಾರಿ. ಇಲ್ಲಿ ಶಕ್ತಿ ಎಷ್ಟು ಎಂದು ನೋಡುವುದಿಲ್ಲ. ಐದು ಆಂಟೆನಾಗಳು ಒಂದೇ ವಿಷಯ ಕೇಳುತ್ತಿವೆಯಾ ಎಂದು ನೋಡುತ್ತೇವೆ. ರಿಸೀವರ್‌ನೊಳಗಿನ ನಾಯ್ಸ್ ಪ್ರತಿ ಚಾನೆಲ್‌ಗೂ ಬೇರೆ. ಹೊರಗಿನ ಸಿಗ್ನಲ್ ಐದಕ್ಕೂ ಒಂದೇ, ಫೇಸ್ (ಅಲೆ ತಲುಪುವ ಹೊತ್ತಿನ ವ್ಯತ್ಯಾಸ) ಮತ್ತು ಗಾತ್ರ ಮಾತ್ರ ಬೇರೆ. ಐದು ಚಾನೆಲ್‌ನ ಕೋವೇರಿಯನ್ಸ್ ಮ್ಯಾಟ್ರಿಕ್ಸ್ (ಯಾವ ಚಾನೆಲ್ ಯಾವುದರ ಜೊತೆ ಎಷ್ಟು ಏರಿಳಿಯುತ್ತದೆ ಎಂಬ ಕೋಷ್ಟಕ) ಮಾಡಿ, ಅದರ ದೊಡ್ಡ ಐಗನ್ ವ್ಯಾಲ್ಯೂವನ್ನು ಚಿಕ್ಕದರಿಂದ ಭಾಗಿಸಬೇಕು. ಐಗನ್ ವ್ಯಾಲ್ಯೂ ಎಂದರೆ ಆ ಕೋಷ್ಟಕದ ಒಂದೊಂದು ಸ್ವತಂತ್ರ ದಿಕ್ಕಿನಲ್ಲಿರುವ ಶಕ್ತಿ. ಬರೀ ನಾಯ್ಸ್ ಆದರೆ ಅನುಪಾತ 1ರ ಹತ್ತಿರ ಇರುತ್ತದೆ. ಸಿಗ್ನಲ್ ಇದ್ದರೆ ದೊಡ್ಡದು ಮೇಲೇಳುತ್ತದೆ. ನಾಯ್ಸ್ ಮಟ್ಟ ಗೊತ್ತಿರಬೇಕಾಗಿಲ್ಲ, ಭಾಗಿಸುವಾಗ ಅದು ಹೊರಟುಹೋಗುತ್ತದೆ. ಕಾಗದದ ಮೇಲೆ ಇದು ಅದ್ಭುತ. ಐದು ಆಂಟೆನಾ, 10,000 ಸ್ಯಾಂಪಲ್‌ಗೆ ಸೈದ್ಧಾಂತಿಕ ಗಡಿ ಪ್ರತಿ ಆಂಟೆನಾದಲ್ಲಿ ಸುಮಾರು -23.5 ಡೆಸಿಬೆಲ್.

ತಾರಸಿ ಮೇಲೆ ಓಡಿಸಿದಾಗ ಸದಾ ‘ಇದೆ, ಇದೆ’ ಅನ್ನತೊಡಗಿತು. ನೋಡ್‌ನ ಬ್ಯಾಟರಿ ತೆಗೆದಿಟ್ಟರೂ ಅದೇ ಉತ್ತರ. ಕಾರಣ ಲೆಕ್ಕದಲ್ಲೇ ಇದೆ. ಮಾರ್ಚೆಂಕೊ ಮತ್ತು ಪಾಸ್ಟೂರ್ 1967ರಲ್ಲಿ ಕಂಡುಕೊಂಡ ನಿಯಮದ ಪ್ರಕಾರ, ಇಷ್ಟು ಸ್ಯಾಂಪಲ್ ಇರುವಾಗ ಶುದ್ಧ ನಾಯ್ಸ್‌ನಲ್ಲಿ ಆ ಅನುಪಾತ ಸುಮಾರು 1.09ರ ಒಳಗೆ ನಿಲ್ಲಬೇಕು. ಆದರೆ ಆ ನಿಯಮ ಐದೂ ಚಾನೆಲ್‌ನಲ್ಲಿ ನಾಯ್ಸ್ ಸಮ ಎಂದು ಹಿಡಿದುಕೊಂಡಿದೆ. ಅಗ್ಗದ ಚಾನೆಲ್‌ಗಳಲ್ಲಿ ಅರ್ಧ ಡೆಸಿಬೆಲ್ ವ್ಯತ್ಯಾಸ ಮಾಮೂಲಿ. ಅರ್ಧ ಡೆಸಿಬೆಲ್ ಅಂದರೆ 1.12. ಅಲ್ಲಿಗೆ ಸಿಗ್ನಲ್ ಇಲ್ಲದೆಯೇ ಮಿತಿ ದಾಟಿಯಾಯಿತು! ಸ್ಯಾಂಪಲ್ ಜಾಸ್ತಿ ಮಾಡಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ, ಯಾಕೆಂದರೆ 1.09 ಎಂಬ ಮಿತಿ 1ರ ಕಡೆಗೆ ಕುಗ್ಗುತ್ತದೆ, 1.12 ಹಾಗೇ ಉಳಿಯುತ್ತದೆ. ದೊಡ್ಡ ಐಗನ್ ವ್ಯಾಲ್ಯೂವನ್ನು ಎಲ್ಲದರ ಮೊತ್ತದಿಂದ ಭಾಗಿಸುವ ಇನ್ನೊಂದು ವಿಧಾನವೂ ಇದೆ. ಒಂದೇ ಸಿಗ್ನಲ್ ಇರುವಾಗ ಅದು ಸ್ವಲ್ಪ ಹೆಚ್ಚು ಚುರುಕು. ಆದರೆ ರೋಗ ಅದೇ. ಒಳಗಿನ ನಾಯ್ಸ್ ಸೋರ್ಸ್ ಬಳಸಿ ಚಾನೆಲ್‌ಗಳನ್ನು ಸಮ ಮಾಡಬಹುದು. ಡಬ್ಬಿ ಕಾದ ಮೇಲೆ ಮತ್ತೆ ಮಾಡಬೇಕು, ಮತ್ತೆ ಮಾಡಬೇಕು.

ನನಗೆ ಇಷ್ಟವಾದದ್ದು ಮೂರನೆಯದು. ಮ್ಯಾಟ್ರಿಕ್ಸ್ ಮಾಡುವ ಮೊದಲು ಪ್ರತಿ ಚಾನೆಲ್ ಅನ್ನು ಅದರದ್ದೇ ಶಕ್ತಿಯಿಂದ ಸರಿದೂಗಿಸುವುದು. ಆಗ ಕರ್ಣದಲ್ಲಿ ಎಲ್ಲಾ 1, ಉಳಿದ ಕಡೆ ಬರೀ ಪರಸ್ಪರ ಸಂಬಂಧದ ಅಂಕಿ. ಯಾವ ಚಾನೆಲ್‌ನ ಗೇನ್ ಎಷ್ಟು ಜಾರಿದರೂ ಈ ಮ್ಯಾಟ್ರಿಕ್ಸ್‌ಗೆ ಲೆಕ್ಕಕ್ಕಿಲ್ಲ. ಇದರ ಡಿಟರ್ಮಿನೆಂಟ್ (ಸಂಬಂಧ ಹೆಚ್ಚಾದಷ್ಟೂ 1ರಿಂದ ಕೆಳಗಿಳಿಯುವ ಒಂದು ಅಂಕಿ) ತೆಗೆದರೆ ಅದೇ ಹ್ಯಾಡಮಾರ್ಡ್ ಅನುಪಾತ. ಮಿತಿಯನ್ನು ಒಮ್ಮೆ ಇಟ್ಟೆ. ಬೆಳಿಗ್ಗೆಯೂ ಮಧ್ಯಾಹ್ನವೂ ಅದೇ ಮಿತಿ ನಡೆಯಿತು. ಇಷ್ಟು ನೆಮ್ಮದಿ ಬೇರೆ ಯಾವ ವಿಧಾನವೂ ಕೊಡಲಿಲ್ಲ. ಡಿಟರ್ಮಿನೆಂಟ್ ಬದಲು ಈ ಮ್ಯಾಟ್ರಿಕ್ಸ್‌ನ ದೊಡ್ಡ ಐಗನ್ ವ್ಯಾಲ್ಯೂವನ್ನೇ ನೋಡಿದರೆ ಒಂದೇ ನೋಡ್ ಇರುವಾಗ ಇನ್ನೂ ಚೆನ್ನ. ಹತ್ತು ಜೋಡಿಗಳ ಸಂಬಂಧವನ್ನು ಬಿಡಿಬಿಡಿಯಾಗಿ ಕೂಡಿಸುವ ಬದಲು, ಎಲ್ಲವೂ ಒಂದೇ ಮೂಲದಿಂದ ಬಂದಿವೆಯಾ ಎಂದು ಅದು ಕೇಳುತ್ತದೆ. ನಾನು ಉಳಿಸಿಕೊಂಡಿರುವುದು ಇದನ್ನೇ.

ಸಂಬಂಧ ನೋಡುವ ಎಲ್ಲಾ ವಿಧಾನಗಳಿಗೂ ಒಂದು ದೌರ್ಬಲ್ಯ ಇದೆ. ಐದಕ್ಕೂ ಒಟ್ಟಿಗೆ ಬರುವ ಕಸವೂ ಅವಕ್ಕೆ ಸಿಗ್ನಲ್ಲೇ. ರಿಸೀವರ್ ಒಮ್ಮೆಗೆ ಹಿಡಿಯುವ ಇಡೀ ಕಿಟಕಿಯನ್ನು 125 ಕಿಲೋಹರ್ಟ್ಸ್ ತುಂಡುಗಳಾಗಿ ನೋಡಿದಾಗ 864 ಮೆಗಾಹರ್ಟ್ಸ್ ಇರುವ ತುಂಡು ಯಾವಾಗಲೂ ‘ಇದೆ’ ಎನ್ನುತ್ತಿತ್ತು. ಆಂಟೆನಾ ಕಳಚಿ 50 ಓಮ್ ಲೋಡ್ ಹಾಕಿದರೂ ಹೋಗಲಿಲ್ಲ. ಈ ಮಾದರಿಯ ರಿಸೀವರ್‌ಗಳ ಕ್ಲಾಕ್ 28.8 ಮೆಗಾಹರ್ಟ್ಸ್. ಅದರ 30 ಪಟ್ಟು ಎಷ್ಟು? ಸರಿಯಾಗಿ 864! ಎಲ್ಲಾ ಚಾನೆಲ್‌ಗೂ ಕ್ಲಾಕ್ ಒಂದೇ ಆದ್ದರಿಂದ ಸೋರಿಕೆಯೂ ಒಂದೇ. ಟ್ಯೂನಿಂಗ್ ಅನ್ನು 865.6ಕ್ಕೆ ಸರಿಸಿದೆ. 2.4 ಮೆಗಾಹರ್ಟ್ಸ್ ಕಿಟಕಿ 864.4ರಿಂದ ಶುರುವಾಗುತ್ತದೆ. ಲೋರಾ ಜಾಲಗಳ ನಿಯಮಾವಳಿಯಾದ ಲೋರಾವಾನ್‌ನ ಆವರ್ತನಗಳು 865.0625, 865.4025, 865.985 ಮೂರೂ ಒಳಗೇ ಉಳಿಯುತ್ತವೆ.

ಇನ್ನೊಂದು ಕಸ ಪಂಪ್‌ಸೆಟ್‌ನದ್ದು. ಮೂರು ಫೇಸ್ ಕರೆಂಟ್ ಬಂದು ಸ್ಟಾರ್ಟರ್ ಚಟ್ ಎಂದು ಬಿದ್ದ ಕ್ಷಣ ಕಿಡಿಯ ನಾಯ್ಸ್ ಐದೂ ಆಂಟೆನಾಗೆ ಒಟ್ಟಿಗೆ ಹೊಡೆಯುತ್ತದೆ. 10,000 ಸ್ಯಾಂಪಲ್‌ನಲ್ಲಿ ಕೆಲವೇ ಸ್ಯಾಂಪಲ್ ಕೆಟ್ಟಿರುತ್ತವೆ, ಆದರೆ ಅವುಗಳ ಗಾತ್ರ ಎಷ್ಟೆಂದರೆ ಇಡೀ ಮ್ಯಾಟ್ರಿಕ್ಸ್ ಅವುಗಳ ಪಾಲಾಗುತ್ತದೆ. ಪರಿಹಾರ ಸರಳ. ಒಂದೇ ಕ್ಷಣದ ಐದು ಸ್ಯಾಂಪಲ್‌ಗಳ ಗುಂಪನ್ನು ಆ ಗುಂಪಿನದ್ದೇ ಗಾತ್ರದಿಂದ ಭಾಗಿಸಬೇಕು. ಆಗ ಕಿಡಿ ಬಿದ್ದ ಕ್ಷಣಕ್ಕೂ ಒಂದೇ ಮತ, ಸುಮ್ನೆ ಇದ್ದ ಕ್ಷಣಕ್ಕೂ ಒಂದೇ ಮತ. ಕ್ಷೀಣ ಸಿಗ್ನಲ್ ಹಿಡಿಯುವ ಶಕ್ತಿ ಇದರಿಂದ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಮೋಟಾರ್ ಹಾಕಿದಾಗಲೆಲ್ಲಾ ಸುಳ್ಳು ಅಲಾರ್ಮ್ ಬರುವುದಕ್ಕಿಂತ ಇದು ಎಷ್ಟೋ ವಾಸಿ.

ಇಲ್ಲಿಯವರೆಗೆ ಸಿಗ್ನಲ್‌ನ ರೂಪ ಗೊತ್ತಿಲ್ಲ ಎಂದುಕೊಂಡೇ ಹೋಲಿಸಿದ್ದು. ಗೊತ್ತಿದ್ದರೆ ಪೈಪೋಟಿಯೇ ಇಲ್ಲ. ಲೋರಾ ಸಿಗ್ನಲ್ ಒಂದು ಚರ್ಪ್, ಅಂದರೆ ಆವರ್ತನ ಒಂದೇ ಸಮನೆ ಏರುತ್ತಾ ಹೋಗುವ ಅಲೆ. ತಿರುಗುಮುರುಗಾದ ಚರ್ಪ್‌ನಿಂದ ಗುಣಿಸಿ ಎಫ್‌ಎಫ್‌ಟಿ (ಆವರ್ತನಗಳಾಗಿ ಬಿಡಿಸುವ ಲೆಕ್ಕ) ಮಾಡಿದರೆ ಇಡೀ ಸಿಂಬಲ್ (ಸಂದೇಶದ ಒಂದು ತುಣುಕು) ಒಂದೇ ಬಿನ್‌ಗೆ, ಅಂದರೆ ಆವರ್ತನದ ಒಂದೇ ಖಾನೆಗೆ, ಬಂದು ಕೂರುತ್ತದೆ. ಲೋರಾದ ನಿಧಾನದ ಸೆಟ್ಟಿಂಗ್ ಎಸ್‌ಎಫ್ 12ರಲ್ಲಿ ಒಂದು ಸಿಂಬಲ್‌ಗೆ 4096 ಚಿಪ್, ಅಂದರೆ 36 ಡೆಸಿಬೆಲ್ ಲಾಭ. -20 ಡೆಸಿಬೆಲ್‌ನ ಸಿಗ್ನಲ್ +16ಕ್ಕೆ ಏರುತ್ತದೆ. ನೋಡ್‌ನ ಕ್ರಿಸ್ಟಲ್ 10 ಪಿಪಿಎಂ (ಹತ್ತು ಲಕ್ಷಕ್ಕೆ 10) ತಪ್ಪಿದ್ದರೆ ಶಿಖರ ಸುಮಾರು 8.7 ಕಿಲೋಹರ್ಟ್ಸ್ ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ.

ಆಂಟೆನಾಗಳನ್ನು ಸೇರಿಸುವ ಕ್ರಮವೂ ಮುಖ್ಯ. ರೇಲೀ ಫೇಡಿಂಗ್‌ನಲ್ಲಿ (ಸಿಗ್ನಲ್ ಹಲವು ದಾರಿಯಲ್ಲಿ ಬಂದು ಬಲ ಏರಿಳಿಯುವಾಗ) ಐದರಲ್ಲಿ ಚೆನ್ನಾಗಿರುವ ಒಂದನ್ನು ಮಾತ್ರ ಆರಿಸಿದರೆ ಸರಾಸರಿ ಲಾಭ 3.6 ಡೆಸಿಬೆಲ್. ಫೇಸ್ ಸರಿಮಾಡಿ ಸಮನಾಗಿ ಕೂಡಿಸಿದರೆ 6.2. ಪ್ರತಿ ಆಂಟೆನಾಕ್ಕೆ ಅದರ ಬಲಕ್ಕೆ ತಕ್ಕ ತೂಕ ಕೊಟ್ಟರೆ 7. ಆ ತೂಕಗಳನ್ನು ಎಲ್ಲಿಂದ ತರುವುದು? ಕಚ್ಚಾ ಸ್ಯಾಂಪಲ್‌ಗಳ ದೊಡ್ಡ ಐಗನ್ ವೆಕ್ಟರ್‌ನಿಂದ (ದೊಡ್ಡ ಐಗನ್ ವ್ಯಾಲ್ಯೂ ಇರುವ ದಿಕ್ಕಿನಿಂದ) ತರಬಹುದು. ಆದರೆ -20 ಡೆಸಿಬೆಲ್‌ನಲ್ಲೇ ಅದು ಸುಮಾರು 1 ಡೆಸಿಬೆಲ್ ಕಳೆಯುತ್ತದೆ, -23 ದಾಟಿದ ಮೇಲೆ ಅದನ್ನು ನಂಬುವ ಹಾಗೇ ಇಲ್ಲ. ಅದಕ್ಕೇ ನಾನು ಮೊದಲು ಐದೂ ಚಾನೆಲ್‌ನಲ್ಲಿ ಬೇರೆ ಬೇರೆಯಾಗಿ ಚರ್ಪ್ ಬಿಡಿಸುತ್ತೇನೆ. ಆಮೇಲೆ ಶಿಖರದ ಬಿನ್‌ನಲ್ಲಿರುವ ಐದು ಸಂಕೀರ್ಣ ಸಂಖ್ಯೆಗಳಿಂದಲೇ ತೂಕ ತೆಗೆಯುತ್ತೇನೆ. ಚರ್ಪ್ ಗೊತ್ತಿಲ್ಲದ ಬೇರೆ ಸಿಗ್ನಲ್‌ಗಳಿಗಾಗಿ ಮೂರನೇ ವಿಧಾನ ಪಕ್ಕದಲ್ಲೇ ಓಡುತ್ತಿರುತ್ತದೆ. 5×5 ಮ್ಯಾಟ್ರಿಕ್ಸ್ ಅಷ್ಟೇ ಆದ್ದರಿಂದ ಪ್ರೊಸೆಸರ್‌ಗೆ ಅದೊಂದು ಭಾರವೇ ಅಲ್ಲ.