ದುರ್ಗದ ಬೈಲ್ ಹತ್ತಿರದ ಆಯುರ್ವೇದ ಅಂಗಡಿ: ಚೀಟಿ ಕೇಳಿದ್ದೇ ಇಷ್ಟವಾಯಿತು

ನಮ್ಮ ಅವ್ವನಿಗೆ ಸೊಂಟ ನೋವು. ರಾತ್ರಿ ನಿದ್ದೆಯೇ ಇಲ್ಲ. ವೈದ್ಯರು ವಿಜಯಾ, ಅಂದ್ರೆ ಭಂಗಿ ಎಲೆ (ಗಾಂಜಾ ಗಿಡದ ಎಲೆ) ಸೇರಿದ ಗುಳಿಗೆ ಬರೆದುಕೊಟ್ಟರು. ಅಂಗಡಿಯಲ್ಲಿ ಹೆಸರು ಹೇಳೋಕೆ ನನಗೆ ಭಯ. ಪೊಲೀಸರು ಹಿಡಿದರೆ?

ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರದ ಓಣಿಯ ಈ ಅಂಗಡಿಯಲ್ಲಿ ಹಿರಿಯರೊಬ್ಬರು, "ಕುಂದ್ರವಾ ತಂಗಿ, ಮೊದಲ ಚೀಟಿ ತೋರಸು" ಅಂದರು. ಚೀಟಿ ಇಲ್ಲದೆ ಕೊಡುವುದೇ ಇಲ್ಲವಂತೆ. ಆಮೇಲೆ ಸಮಾಧಾನವಾಗಿ ತಿಳಿಸಿದರು. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ತುದಿ, ಚರಸ್ ಅಂದರೆ ಅದರ ಅಂಟು. ತುದಿ ಸೇರದ ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಎಲೆಯ ಮೇಲಿನ ನಿಯಂತ್ರಣ ರಾಜ್ಯಗಳ ಕೈಯಲ್ಲಿದೆ. ರಾಜಸ್ಥಾನದಲ್ಲಿ ಸರ್ಕಾರದ ಲೈಸೆನ್ಸ್ ಪಡೆದ ಭಂಗಿ ಅಂಗಡಿಗಳೇ ಇವೆ!

ಒಂದೇ ಬೇಸರ. 'ವೈದ್ಯರ ನಿಗಾದಲ್ಲಿ ಮಾತ್ರ ಸೇವಿಸಿ' ಎಂಬ ಎಚ್ಚರಿಕೆ ಡಬ್ಬಿಯ ಮೇಲೆ ಇಂಗ್ಲಿಷ್, ಹಿಂದಿಯಲ್ಲಷ್ಟೇ ಇದೆ. ನಿಯಮ ಕೇಳುವುದೂ ಅಷ್ಟೇ. ಅವ್ವನಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ನಮ್ಮ ಸರ್ಕಾರ ಇದನ್ನು ಕೇಳಿ ಮಾಡಿಸಬೇಕು, ಅಲ್ವಾ? ಅಂಗಡಿಯವರೇ ಪೆನ್ನಿನಿಂದ ಕನ್ನಡದಲ್ಲಿ ಬರೆದುಕೊಟ್ಟರು. ಬಿಪಿ ಗುಳಿಗೆ ಇದೆಯಾ ಎಂದೂ ಕೇಳಿದರು. ರಾತ್ರಿ ಒಬ್ಬಳೇ ಏಳದಂತೆ ನೋಡಿಕೊಳ್ಳಲು ಹೇಳಿದರು.

ತಿಂಗಳಾಯಿತು. ನೋವು ಪೂರ್ತಿ ಹೋಗಿಲ್ಲ. ಆದರೆ ಅವ್ವ ಬೆಳಗಿನ ತನಕ ಮಲಗುತ್ತಾಳೆ.